ತೊಂಬತ್ತೊಂದರ ಯಲ್ಲೇಶ

ಹಿಂದೆ ಮೂರು ಟಂಟಂ!

ಮುಂದೆ ರಸ್ತೆ ತುಂಬ ಎಮ್ಮೆ!

ನಡುವೆ ಇನ್ನೊಂದು ಟಂಟಂ, ಅದೇ ಮೂರು ಗಾಲಿಯ ಶೇರ್ ಆಟೋ. ಅದರಲ್ಲಿ ನಾನು. ಹ್ಯಾಂಡಲ್ ಹಿಡಿದವನು ಯಲ್ಲೇಶ.

"ಲೇ ಹೊಡಿಯಲೇ!" ಎಂದು ಅರಚಿದೆ. "ಎಕ್ಸಲೇಟರ್ ತಿರುವು!"

"ತಿರುವೇನ್ರಿ ಅಣ್ಣಾರ!"

"ಎಷ್ಟರಾಗ ಹೊಂಟೇವಿ?"

"ಮೂವತ್ತು."

"ಮೂವತ್ತಾ?! ಹಿಡೀತಾರಲೇ ಅವ್ರು!"

"ಅವ್ರೂ ಮೂವತ್ತರಾಗ ಅದಾರ್ರಿ."

ತಿರುಗಿ ನೋಡಿದೆ. ನಿಜ! ಉಣಕಲ್ ಕೆರೆಯ ಪಕ್ಕದ ರಸ್ತೆಯಲ್ಲಿ ಒಂದರ ಹಿಂದೊಂದು ನಾಲ್ಕು ಟಂಟಂ. ಎಲ್ಲರ ಮುಖದಲ್ಲೂ ಕೊಲೆಗಡುಕ ಸಿಟ್ಟು. ಸೈಕಲ್ ಮೇಲೆ ಹೊರಟಿದ್ದ ಹಾಲಿನವನು ನಮ್ಮೆಲ್ಲರನ್ನೂ ದಾಟಿಕೊಂಡು ಹೋದ. ಹೋಗುವಾಗ ನನಗೆ ನಮಸ್ಕಾರ ಬೇರೆ ಹೊಡೆದ.

ನನ್ನ ಹೆಸರು ಮೈಲಾರಿ. ಹುಬ್ಬಳ್ಳಿ ಕೋರ್ಟಿನ ಎದುರಿನ ಚಹಾದಂಗಡಿಯೇ ನನ್ನ ಆಫೀಸು. ನಾನು ವಕೀಲನಲ್ಲ. ಪೊಲೀಸನೂ ಅಲ್ಲ. ಇಬ್ಬರಿಗೂ ಹೇಳಲಾಗದ ಮಾತನ್ನು ಜನ ನನಗೆ ಹೇಳುತ್ತಾರೆ. ಚಾಕು ಕಂಡಿದ್ದೇನೆ. ಮಚ್ಚು ಕಂಡಿದ್ದೇನೆ. ಒಮ್ಮೆ ಒಬ್ಬ ಸಾಲಿ ಮಾಸ್ತರರ ಹೆಂಡತಿಯ ಕೈಯಲ್ಲಿ ಒನಕೆಯನ್ನೂ ಕಂಡಿದ್ದೇನೆ. ಆದರೆ ಇಂಥ ಚೇಸ್... ನನ್ನ ಸರ್ವೀಸಿನಲ್ಲೇ ಕಂಡಿಲ್ಲ!

ಎಮ್ಮೆಗಳು ದಾರಿ ಬಿಟ್ಟವು. ದಾರಿ ಕ್ಲಿಯರ್! ತಪ್ಪಿಸಿಕೊಂಡೆವು ಅಂದುಕೊಂಡೆ.

ಯಲ್ಲೇಶ ಬ್ರೇಕ್ ಹಾಕಿದ.

"ಯಾಕಲೇ?!"

"ಮುದುಕಿ ಕೈ ಮಾಡ್ಯಾಳ್ರಿ."

"ಬೆನ್ನ ಹತ್ಯಾರಲೇ ನಮ್ಮನ್ನ!"

"ಕೈ ಮಾಡಿದ್ರ ನಿಲ್ಲಸಬೇಕ್ರಿ ಅಣ್ಣಾರ. ನಮ್ಮ ಧಂದೆ ಹಂಗ ಐತಿ."

ಹಿಂದಿನ ಮೂರೂ ಟಂಟಂ ನಿಂತವು. ಮೊದಲನೆಯದರಿಂದ ಹುಸೇನಬಾಷಾ ಇಳಿದ. ಉಣಕಲ್ ಟಂಟಂ ಸ್ಟ್ಯಾಂಡಿನ ಅಧ್ಯಕ್ಷ. ಬಾಗಿಲಿನಷ್ಟು ಅಗಲದ ಎದೆ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ. ಸೀದಾ ನಮ್ಮ ಹತ್ತಿರ ಬಂದ. ನಾನು ಮುಷ್ಟಿ ಕಟ್ಟಿದೆ...

ಅವನು ಮುದುಕಿಯ ಕಡೆ ತಿರುಗಿದ.

"ಯವ್ವಾ, ನನ್ನ ಗಾಡಿ ಹತ್ತು. ಪಾಳಿ ನಂದೈತಿ."

ಮುದುಕಿ ಯಲ್ಲೇಶನನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಇಂವಾ ತೊಂಬತ್ತೊಂದರ ಯಲ್ಲೇಶ ಹೌದಿಲ್ಲೋ?"

"ಹೌದು..." ಎಂದ ಹುಸೇನಬಾಷಾ.

"ಹಂಗಾರ ಇವನ ಗಾಡಿನ ಹತ್ತತೇನಿ. ನನಗ ಲಗೂ ಹೋಗಬೇಕು!" ಎಂದು ಹತ್ತಿ ಕೂತೇಬಿಟ್ಟಳು.

ಹುಸೇನಬಾಷಾ ಸಿಟ್ಟಾಗಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

"ನೋಡಿದೇನು ಮೈಲಾರಿ? ಇದು ನಮ್ಮ ಸ್ಟ್ಯಾಂಡಿನ ಮರ್ಯಾದಿ! ಪರೀಕ್ಷಾದ ಹುಡುಗುರು ಈಗ ಬಸ್ ಬಿಟ್ಟು ನಮ್ಮ ಕಡೆ ಓಡಿ ಬರಾಕತ್ತಾರ. ಟಂಟಂ ತೊಂಬತ್ತೊಂದರಾಗ ಹೋಗಿದ್ದು ಇಡೀ ಜಿಲ್ಲಾದಾಗ ಇದೊಂದ. ನಾಳಿ ಕೋರ್ಟಿನ್ಯಾಗ ಇಂವಾ ತಪ್ಪು ಒಪ್ಕೋಬೇಕು!"

"ಒಪ್ಕೊಳ್ಳಿಲ್ಲಂದ್ರ?"

"ಇವಂಗ ಪಾಳಿ ಇಲ್ಲ."

"ನನಗ?"

ಹುಸೇನಬಾಷಾ ಪಾನಾ ಹೆಗಲ ಮೇಲೆ ಇಟ್ಟ. ದನಿ ಇಳಿಸಿದ. "ಹುಬ್ಬಳ್ಳಿ-ಧಾರವಾಡದಾಗ ನೀ ಎಲ್ಲಿ ಕೈ ಮಾಡಿದ್ರೂ... ಒಂದ ಟಂಟಂ ನಿಲ್ಲಂಗಿಲ್ಲ."

ನಾನು ಗಟ್ಟಿ ಮನುಷ್ಯ. ಖರೇ ಹೇಳುತ್ತೇನೆ, ಮನೆಗೆ ನಡೆದು ಹೋಗಲು ಎಷ್ಟು ಹೊತ್ತು ಬೇಕೆಂದು ಆಗಲೇ ಲೆಕ್ಕ ಹಾಕಿದೆ.

ಇದು ಶುರುವಾದದ್ದು ಹಿಂದಿನ ದಿನ, ಸಾವಕ್ಕನಿಂದ.

ಸಾವಕ್ಕ ಯಲ್ಲೇಶನ ತಾಯಿ. ಚಹಾದಂಗಡಿಗೆ ಬಂದವಳೇ ಎದುರಿನ ಬೆಂಚಿನ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನೇರ ಮಾತಿಗೇ ಇಳಿದಳು.

"ತಮ್ಮಾ, ನನ್ನ ಮಗಾ ಸುಳ್ಳು ತಪ್ಪು ಒಪ್ಕೊಳ್ಳಾಕ ಹೊಂಟಾನ. ತಡಿಬೇಕು."

ಕೇಸು ಸಣ್ಣದು. ಉಣಕಲ್ ಹತ್ತಿರದ ಕ್ಯಾಮೆರಾ ಯಲ್ಲೇಶನ ಟಂಟಂ ಹಿಡಿದಿತ್ತು. ವೇಗ ತೊಂಬತ್ತೊಂದು. ಕೋರ್ಟಿಗೆ ಬಂದು ತಪ್ಪು ಒಪ್ಪಿಕೋ, ಇಲ್ಲವೇ ವಾದ ಮಾಡು ಎಂದು ಸಮನ್ಸ್ ಬಂದಿತ್ತು.

"ಅವತ್ತ ಸಂಕ್ರಾಂತಿ ಕರಿ," ಅಂದಳು ಸಾವಕ್ಕ.

ನಮ್ಮ ಕಡೆ ಹಬ್ಬದ ಮರುದಿನ ಕರಿ. ಅವತ್ತು ಪಯಣ ಹೊರಡುವುದಿಲ್ಲ, ಒಳ್ಳೆಯ ಕೆಲಸ ಹಿಡಿಯುವುದಿಲ್ಲ. ಈಗೀಗ ಯಾರು ಕೇಳುತ್ತಾರೆ ಅನ್ನಬೇಡಿ. ಸಾವಕ್ಕ ಕೇಳುತ್ತಾಳೆ!

"ಕರಿ ದಿವ್ಸ ಗಾಡಿ ಗಾಲಿ ಉರುಳ್ಸಂಗಿಲ್ಲ ಅಂತ ನನ್ನ ತಲಿ ಮುಟ್ಟಿ ಆಣಿ ಮಾಡ್ಯಾನ. ಆಣಿ ಮುರಿಯೂ ಮಗಾ ಅಲ್ಲ ಅಂವಾ. ಅದೂ ಅಲ್ದ... ತೊಂಬತ್ತೊಂದು! ಅಯ್ಯ ನಮ್ಮಪ್ಪಾ, ಅಂವಾ ಊಟಾ ಮಾಡೂದು ಸೈತ ಸಾವಕಾಶ."

"ಒಪ್ಕೊಂಡ್ರ ಏನಾಗ್ತೈತಿ ಅವ್ವಾ? ಮೂರು ತಿಂಗಳ ಲೈಸನ್ಸ್ ಹೋಗ್ತೈತಿ. ಅಷ್ಟ."

"ಪೂನಮ್ ಹೋಗ್ತಾಳ!"

ಪೂನಮ್ ಕೆಲಗೇರಿಯ ಹುಡುಗಿ. ಮಾತುಕತೆ ಮುಗಿದಿತ್ತು. ಅವಳ ಅಪ್ಪ ನೀಲಪ್ಪ ಲಾರಿ ಡ್ರೈವರ್. ಸಾವಕಾಶ ಹೋಗುವುದೇ ಧರ್ಮ ಎಂದು ಊರಿಗೆಲ್ಲ ಭಾಷಣ ಬಿಗಿಯುವ ಮನುಷ್ಯ. ಸಮನ್ಸಿನ ಸುದ್ದಿ ಕೇಳಿದ್ದೇ ತಡ, ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ತೊಂಬತ್ತೊಂದರಲ್ಲಿ ಗಾಡಿ ಹೊಡೆಯುವ ಮನುಷ್ಯನ ಮನೆಯಲ್ಲಿ ನನ್ನ ಮಗಳು ಇರುವುದಿಲ್ಲ. ಯಲ್ಲೇಶ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರೆ ಸಂಬಂಧ ಅಲ್ಲಿಗೇ ಮುಗಿಯಿತು!

"ಹಂಗಾರ ಒಪ್ಕೋಬ್ಯಾಡ ಅಂತ ಹೇಳವ್ವಾ."

"ಹೇಳಿದೆ. ಅಳಾಕತ್ತಾನ... ಯಾಕ ಅಂತ ಹೇಳವಲ್ಲ."

ಅದಕ್ಕೇ ನಾನು ಸ್ಟ್ಯಾಂಡಿಗೆ ಹೋಗಿ ಅವನನ್ನು ಎತ್ತಿಹಾಕಿಕೊಂಡು ಬಂದದ್ದು. ಅದಕ್ಕೇ ಈ ಚೇಸು!

ಮುದುಕಿಯನ್ನು ಇಳಿಸಿದೆವು. "ಏನಪಾ, ಇಷ್ಟೊತ್ತು ಹಿಡೀತು!" ಎಂದು ಬೈದೇ ಹೋದಳು.

ಕೆರೆಯ ದಂಡೆಯಲ್ಲಿ ಟಂಟಂ ನಿಲ್ಲಿಸಲು ಹೇಳಿದೆ. ಬಂಡಿಯವನಿಂದ ಮಿರ್ಚಿ, ಗಿರ್ಮಿಟ್ ತರಿಸಿದೆ. ಹೊಟ್ಟೆ ತುಂಬಿದವನು ಸುಳ್ಳು ಹೇಳುವುದಿಲ್ಲ. ಇದು ನನ್ನ ಲೈನಿನ ಮೊದಲ ಪಾಠ.

ಮೊಬೈಲಿನಲ್ಲಿ ಅವನ ಕೇಸಿನ ಫೋಟೋ ತೆರೆದೆ. ಟಂಟಂನ ಹಿಂಭಾಗ ಮಾತ್ರ ಕಾಣುತ್ತಿತ್ತು. ನಂಬರ್ ಪ್ಲೇಟ್ ಸ್ಪಷ್ಟ. ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಒಬ್ಬ ಕೂತಿದ್ದ. ಎರಡೂ ಕೈಯಿಂದ ಕಂಬಿ ಹಿಡಿದಿದ್ದ. ಬಾಯಿ ಊರಗಲ. ಬಾಯಿಯ ಮುಂದೆ ಗಾಳಿಯಲ್ಲಿ ಒಂದು ಶೇಂಗಾ ಹೋಳಿಗೆ!

"ಯಾರಿಂವಾ?"

"ನಾನ್ರಿ."

"ನೀ ಹಿಂದಿನ ಸೀಟಿನ್ಯಾಗ ಕುಂತೀದಿ."

"ಹೌದ್ರಿ."

"ಮತ್ತ ಗಾಡಿ ಹೊಡಿಯಾಕತ್ತವ್ರು ಯಾರು?"

"ಯಾರೂ ಇಲ್ರಿ."

ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು. ಡ್ರೈವರ್ ಇಲ್ಲದ ಟಂಟಂ... ತೊಂಬತ್ತೊಂದರಲ್ಲಿ!

"ಯಲ್ಲೇಶಾ... ದೆವ್ವದ ಕೇಸ್ ನಾ ತಗೊಳ್ಳಂಗಿಲ್ಲ."

"ದೆವ್ವ ಅಲ್ರಿ, ಮಾವ!" ಎಂದು ಗೊಳೋ ಎಂದು ಅತ್ತುಬಿಟ್ಟ.

ಆಮೇಲೆ ಎಲ್ಲ ಹೊರಗೆ ಬಂತು. ಸಂಕ್ರಾಂತಿಗೆ ಅವನು ಎಳ್ಳುಬೆಲ್ಲ ಕೊಡಲು ಕೆಲಗೇರಿಗೆ ಹೋಗಿದ್ದ. ಬೀಗರು ಬಿಡಲಿಲ್ಲ. ಉಣ್ಣು, ಮಲಗು ಎಂದು ಉಳಿಸಿಕೊಂಡರು. ಬೆಳಗಾದರೆ ಕರಿ. ಟಂಟಂ ಹೊರಡಿಸಿದರೆ ತಾಯಿಯ ಆಣೆ ಮುರಿಯುತ್ತದೆ. ಮದುವೆಗೆ ಮುಂಚೆ ಇನ್ನೊಂದು ರಾತ್ರಿ ಹುಡುಗಿಯ ಮನೆಯಲ್ಲಿ ಉಳಿದರೆ ಓಣಿಯ ಬಾಯಿ ಸುಮ್ಮನಿರುವುದಿಲ್ಲ. ಆಗ ನೀಲಪ್ಪನೇ ಉಪಾಯ ಹೇಳಿದ. ನನ್ನ ಲಾರಿ ಖಾಲಿ ಹೊರಟಿದೆ, ಟಂಟಂ ಅದರ ಮೇಲೆ ಏರಿಸು. ನಿನ್ನ ಗಾಲಿ ಉರುಳುವುದಿಲ್ಲ. ಆಣೆಯೂ ಉಳಿಯುತ್ತದೆ!

"ಟಂಟಂ ಅಳ್ಳಾಡ್ಬಾರ್ದಂತ ನಾ ಅದರಾಗ ಕುಂತೆ," ಅಂದ ಯಲ್ಲೇಶ. "ಲಾರಿ ಹಿಂದಿನ ಬಾಗಲಾ ಕೆಳಗ ಜೋತಾಡಾಕತ್ತಿತ್ತು. ಲಾರಿ ನಂಬರ್ ಮುಚ್ಚಿ ಹೋತು. ನನ್ನ ನಂಬರ್ ಕಂಡ್ತು..."

"ಅಂದ್ರ ತೊಂಬತ್ತೊಂದರಾಗ ಹೊಡದಾಂವಾ ನೀಲಪ್ಪ ಕಾಕಾ?!"

ಯಲ್ಲೇಶ ತಲೆ ಆಡಿಸಿದ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ನನಗೆ ಮೈಯೆಲ್ಲ ಉರಿದುಹೋಯಿತು.

"ಇದನ್ನ ಅವನ ಮುಂದ ಹೇಳಲಿಲ್ಲೇನು?"

"ಹೇಳಿದೆ. ನನ್ನ ಮೀಟರಿನ ಮುಳ್ಳು ನಲವತ್ತು ದಾಟಂಗಿಲ್ಲ, ಸುಳ್ಳು ಹೇಳಬ್ಯಾಡ ಅಂದ್ರು. ಮುಗೀತ್ರಿ. ಈಗ ಕೋರ್ಟಿನ್ಯಾಗ ಖರೇ ಹೇಳಿದ್ರ ಮಾವನ್ನ ನಾನ ಕಟಕಟಿಗೆ ನಿಲ್ಲಿಸ್ದಂಗ ಆಗ್ತೈತಿ. ಅಪ್ಪನ ಮಾನಾ ಕಳದು ಮಗಳನ್ನ ಹೆಂಗ ಕೇಳ್ಲಿ? ಸುಳ್ಳು ಒಪ್ಕೊಂಡ್ರ... ಅವ್ರು ಕೊಡಂಗಿಲ್ಲ. ಹೆಂಗ್ ಮಾಡಿದ್ರೂ ಪೂನಮ್ ಇಲ್ರಿ ಅಣ್ಣಾರ. ಅದಕ್ಕ, ಹೋದ್ರ ನನ್ನ ಮಾನನ ಹೋಗ್ಲಿ."

ಅತ್ತ ದರಿ, ಇತ್ತ ಹುಲಿ. ಮಧ್ಯೆ ಗಿರ್ಮಿಟ್ ತಿನ್ನುತ್ತ ಅಳುವ ಒಬ್ಬ ಬಡಪಾಯಿ. ನನಗೆ ಅವನ ಮೇಲೆ ಪ್ರೀತಿ ಬಂದುಬಿಟ್ಟಿತು. ನನ್ನ ಲೈನಿನಲ್ಲಿ ಇದು ಡೇಂಜರ್!

ಬೆಳಿಗ್ಗೆ ಎದ್ದವನೇ ಕೆಲಗೇರಿಗೆ ಹೋದೆ. ನೀಲಪ್ಪನನ್ನು ಅವನ ಮನೆಯಲ್ಲೇ ಹಿಡಿದು ಬಗ್ಗಿಸುವ ಪ್ಲಾನು.

ನೀಲಪ್ಪ ಲಾರಿಯ ಗಾಜು ಒರೆಸುತ್ತಿದ್ದ. ಬಿಳಿ ಅಂಗಿ, ಹಣೆಯ ಮೇಲೆ ನೀಟಾಗಿ ಬಾಚಿದ ಕೂದಲು. ಸುಳ್ಳುಗಾರನ ಮುಖ ಅಲ್ಲವೇ ಅಲ್ಲ. ಅಲ್ಲೇ ನನ್ನ ಲೆಕ್ಕ ತಪ್ಪಿತು.

"ಕಾಕಾ, ಯಲ್ಲೇಶನ ಕೇಸಿನ್ಯಾಗ ನಿಮ್ಮ ಕೂಡ ಮಾತಾಡೂದೈತಿ."

"ಕೋರ್ಟಿಗೆ ನಾನೂ ಹೊಂಟೇನಿ. ಹತ್ರಿ ಲಾರಿ. ಮಾತಾಡ್ಕೋಂತ ಹೋಗೂಣು... ಸಾವಕಾಶ."

ಹತ್ತಿದೆ. ಅದು ನನ್ನ ಎರಡನೇ ತಪ್ಪು.

ಲಾರಿ ಹೊರಟಿತು. ಕೆಲಗೇರಿ ದಾಟಿತು. ಧಾರವಾಡ ದಾಟಿತು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಕಿಟಕಿಯಲ್ಲಿ ಗಿಡ, ಕಂಬ, ಕಟ್ಟಡ ಎಲ್ಲ ಒಂದೇ ಗೆರೆ!

"ನೋಡ್ರಿ ಮೈಲಾರಿ," ಅಂದ ನೀಲಪ್ಪ, ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು. "ಈಗಿನ ಹುಡುಗುರಿಗೆ ತಾಳ್ಮಿ ಅಂಬೂದ ಇಲ್ಲ."

"ಕಾಕಾ... ಮುಂದ ಬಸ್..."

ಬಸ್ ಹಿಂದೆ ಹೋಯಿತು.

"ಅವಸರದಾಗ ಏನೈತಿ ಹೇಳ್ರಿ? ನನ್ನ ನೋಡ್ರಿ. ನಲವತ್ತು! ಎಂದೂ ದಾಟಿಲ್ಲ."

ಮುಳ್ಳು ನೋಡಿದೆ. ನಲವತ್ತು! ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ನಲವತ್ತೇ! ಪಕ್ಕದಲ್ಲಿ ಒಂದು ಕಾರು ಹಾರ್ನ್ ಹೊಡೆಯುತ್ತ ಹಿಂದೆ ಬಿತ್ತು.

"ಒಂದ್ ಮಾತು ಹೇಳ್ತೇನಿ," ಅಂದ ನೀಲಪ್ಪ ಖುಷಿಯಿಂದ. "ಮಂದಿ ಈಗೀಗ ಸುಧಾರಿಸ್ಯಾರ್ರಿ! ಎಲ್ಲಾ ಗಾಡಿಗೋಳು ಎಷ್ಟ ಸಾವಕಾಶ ಹೊಂಟಾವು ನೋಡ್ರಿ. ನಾ ಎಲ್ಲಾರನ್ನೂ ದಾಟಿ ಹೋಗ್ತೇನಿ. ನಲವತ್ತರಾಗ!"

ಆಗ ನನಗೆ ಟ್ಯೂಬ್‌ಲೈಟ್ ಹತ್ತಿತು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ... ಇವನಿಗೆ ಗೊತ್ತೇ ಇಲ್ಲ!

"ಕಾಕಾ, ಮುಳ್ಳು ಕೆಟ್ಟೈತಿ! ನಿಲ್ಲಸ್ರಿ!"

"ಏನ್ರಿ? ಗಾಳಿ ಸಪ್ಪಳಕ್ಕ ಕೇಳವಲ್ದು!"

"ನಿಲ್ಲಸ್ರಿ!"

"ಹಾಂ, ನಿದ್ದಿ ಬಂದ್ರ ಮಲಕೋರಿ!"

ಉಣಕಲ್ ಬಂತು. ಕ್ಯಾಮೆರಾದ ಕಂಬ ಬಂತು. ಹೋಯಿತು. ಇವತ್ತು ಹಿಂದಿನ ಬಾಗಿಲು ಗಟ್ಟಿಯಾಗಿ ಮುಚ್ಚಿತ್ತು, ಲಾರಿ ನಂಬರ್ ನಿಚ್ಚಳ ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿ ನಮ್ಮ ಮನೆದೇವರನ್ನು ನೆನೆದೆ. ಹರಕೆ ಹೊತ್ತೆ. ಏನು ಹೊತ್ತೆ ಎಂದು ಈಗಲೂ ನೆನಪಿಲ್ಲ.

ಕೋರ್ಟಿನ ಹತ್ತಿರ ಲಾರಿ ನಿಂತಿತು. ನಾನು ಇಳಿಯಲಿಲ್ಲ. ಇಳಿಯಲು ಕಾಲೇ ಬರಲಿಲ್ಲ.

"ಕಾಕಾ... ಲಾರಿ ನಿಂತೈತೇನು?"

"ನಿಂತೈತಿ."

"ಇಂಜಿನ್ ಬಂದ್ ಐತೇನು?"

"ಬಂದ್ ಐತಿ. ಯಾಕ್ರಿ?"

"ಮುಳ್ಳು ನೋಡ್ರಿ."

ನೀಲಪ್ಪ ನೋಡಿದ.

ನಲವತ್ತು.

ಬೆರಳಿನಿಂದ ಗಾಜು ತಟ್ಟಿದ. ನಲವತ್ತು. ಮುಷ್ಟಿಯಿಂದ ಗುದ್ದಿದ. ನಲವತ್ತು! ಅವನ ಮುಖದ ಬಣ್ಣ ಇಳಿಯಿತು. ಬಾಗಿಲು ತೆಗೆದು ಇಳಿದವನೇ ನೆಲದ ಮೇಲೆ ಕೂತುಬಿಟ್ಟ.

"ಹಂಗಾರ... ಕರಿ ದಿವ್ಸ... ಹಿಂದ ಟಂಟಂ ಏರ್ಸಿದ್ವಿ..."

"ಹೌದು ಕಾಕಾ."

"ಆ ಹುಡುಗ ಹೇಳಿದ್ದ ಖರೇ ಏನು? ನಾ ಅವಂಗ ಸುಳ್ಳಾ ಅಂದ್ನಲ್ಲೋ ಯಪ್ಪಾ!"

"ನಿಮ್ಮ ಮಾನಾ ಉಳೀಲಿ ಅಂತ ಈಗ ಸುಳ್ಳು ತಪ್ಪು ಒಪ್ಕೊಳ್ಳಾಕ ನಿಂತಾನ."

ನೀಲಪ್ಪ ನೆಲಕ್ಕೆ ಕೈಯೂರಿ ಎದ್ದ. ಅಷ್ಟರಲ್ಲಿ ಒಳಗಿಂದ ಯಲ್ಲೇಶನ ಹೆಸರು ಕೂಗಿದರು.

ಓಡಿದೆವು.

ಕೋರ್ಟ್ ಹಾಲ್ ತುಂಬಿತ್ತು. ಒಂದು ಕಡೆ ಹುಸೇನಬಾಷಾ ಮತ್ತು ಇಡೀ ಟಂಟಂ ಸ್ಟ್ಯಾಂಡು. ಇನ್ನೊಂದು ಕಡೆ ಸಾವಕ್ಕ, ಪಕ್ಕದಲ್ಲಿ ಪೂನಮ್. ಅವಳ ಕಣ್ಣು ಅತ್ತು ಅತ್ತು ಕೆಂಪಾಗಿತ್ತು. ಅಪ್ಪನಿಗೆ ಹೇಳದೆ ಬೆಳಿಗ್ಗೆಯೇ ಬಸ್ ಹತ್ತಿ ಬಂದಿದ್ದಳಂತೆ.

ಮ್ಯಾಜಿಸ್ಟ್ರೇಟ್ ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಉಣಕಲ್ ಬಳಿ ತೊಂಬತ್ತೊಂದರ ವೇಗ. ತಪ್ಪು ಒಪ್ಪಿಕೊಳ್ಳುತ್ತೀರಾ?"

ಯಲ್ಲೇಶ ಹುಸೇನಬಾಷಾನನ್ನು ನೋಡಿದ. ಹುಸೇನಬಾಷಾ ಹೆಬ್ಬೆರಳು ಎತ್ತಿದ. ತಾಯಿಯನ್ನು ನೋಡಿದ. ಸಾವಕ್ಕ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಂಡು ಆಣೆ ನೆನಪು ಮಾಡಿದಳು. ಪೂನಮ್‌ಳನ್ನು ನೋಡಿದ. ಅಲ್ಲಿಂದ ಕಣ್ಣು ಕೀಳಲು ಆಗಲಿಲ್ಲ ಅವನಿಗೆ.

"ಮೇಡಂರಿ... ನಾನು... ಒಪ್..."

"ತಡಿಯಲೇ!"

ನೀಲಪ್ಪ! ಕೈ ಮೇಲೆತ್ತಿ ಮುಂದೆ ನುಗ್ಗಿದ.

"ತಪ್ಪು ನಂದೈತ್ರಿ ಮೇಡಂ! ನಾ ಒಪ್ಕೋತೇನಿ!"

"ಯಾರು ನೀವು?"

"ಲಾರಿ ನೀಲಪ್ಪರಿ. ಇವನ ಗಾಲಿ ಅವತ್ತ ಉರುಳೇ ಇಲ್ಲ. ಇವನ ಟಂಟಂ ನನ್ನ ಲಾರಿ ಮ್ಯಾಲಿತ್ತು. ಹೊಡದಾಂವಾ ನಾನು!"

ಸಾವಕ್ಕ ದೊಡ್ಡದಾಗಿ ಉಸಿರು ಬಿಟ್ಟಳು. ಟಂಟಂ ಸ್ಟ್ಯಾಂಡಿನ ಕಡೆಯಿಂದ ಯಾರೋ ಸತ್ತಂಥ ನಿಟ್ಟುಸಿರು ಬಂತು.

ಮೇಡಂ ಫೋಟೋ ಹತ್ತಿರ ಹಿಡಿದು ನೋಡಿದರು. ದೂರ ಹಿಡಿದು ನೋಡಿದರು. "ಇದೇನು, ಹೋಳಿಗೆಯಾ?" ಎಂದು ಕೇಳಿದರು. ಯಲ್ಲೇಶ ಹೌದೆಂದ. ಅವರು ತುಟಿ ಬಿಗಿಹಿಡಿದು ಸ್ವಲ್ಪ ಹೊತ್ತು ಕೆಳಗೆ ನೋಡುತ್ತ ಕೂತರು.

"ನೀಲಪ್ಪನವರೇ, ನಿಮಗೆ ಇನ್ನೂ ಸಮನ್ಸೇ ಬಂದಿಲ್ಲವಲ್ಲ?"

"ಸಮನ್ಸ್ ಬರಲಾರದ ತಪ್ಪು ತಪ್ಪಲ್ಲೇನ್ರಿ? ಅದೂ ಅಲ್ದ ಬರ್ತೈತ್ರಿ. ಇವತ್ತ ಮುಂಜಾನೆ ಅದ ಕ್ಯಾಮೆರಾದ ಮುಂದ ಮತ್ತೊಂದು ಮಾಡ್ಕೊಂಡ ಬಂದೇನಿ. ಇಂವಾ ಮೈಲಾರಿ ಸಾಕ್ಷಿ ಅದಾನ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಾಲು ಇನ್ನೂ ನಡುಗುತ್ತಿತ್ತು. ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಮತ್ತ ಮೇಡಂ, ಬರೇ ಎರಡ ದಿವ್ಸದ್ದಲ್ರಿ! ಆ ಮುಳ್ಳು ಯಾವಾಗ ಕೆಟ್ಟೈತೋ ಆ ದೇವರಿಗೇ ಗೊತ್ತು. ಹಿಂದಿಂದೆಲ್ಲಾ ಬರಕೊಂಡ್ಬಿಡ್ರಿ. ಒಪ್ಕೋತೇನಿ!"

"ಒಂದೊಂದಾಗಿ ಬರಲಿ ನೀಲಪ್ಪನವರೇ... ಸಾವಕಾಶ," ಅಂದರು ಮೇಡಂ.

ಯಲ್ಲೇಶನ ಕೇಸು ವಜಾ. ನೀಲಪ್ಪನಿಗೆ ಮುಂದೆ ಸಮನ್ಸ್ ಬಂತು, ಅದನ್ನೂ ತಲೆಬಾಗಿ ಒಪ್ಪಿಕೊಂಡ, ದಂಡ ಕಟ್ಟಿದ. ಮೂರು ತಿಂಗಳು ಅವನ ಲೈಸನ್ಸ್ ಬಂದ್ ಆಯಿತು. ಅದು ಆಮೇಲಿನ ಮಾತು. ಅವತ್ತು ಕೋರ್ಟಿನ ಹೊರಗೆ ಅಸಲಿ ಗಂಡಾಂತರ ಇನ್ನೂ ಬಾಕಿ ಇತ್ತು.

ನೀಲಪ್ಪ ಹೊರಗೆ ಬಂದವನೇ ಮಗಳ ಎದುರು ನಿಂತ. ಮುಖ ಕಲ್ಲು.

"ಪೂನಮ್. ನಾ ಒಂದ್ ಮಾತು ಹೇಳಿದ್ದೆ. ತೊಂಬತ್ತೊಂದರಾಗ ಗಾಡಿ ಹೊಡಿಯೂ ಮನುಷ್ಯಾನ ಮನ್ಯಾಗ ನನ್ನ ಮಗಳು ಇರಂಗಿಲ್ಲ ಅಂತ."

"ಯಪ್ಪಾ, ಇಂವಾ ಹೊಡದಿಲ್ಲಲ್ಲ..."

"ನಾ ಹೊಡದೇನಲ್ಲ! ಆಡಿದ ಮಾತು ಮಾತು. ನೀ ನನ್ನ ಮನ್ಯಾಗ ಇರಬಾರ್ದು." ಅವನು ಯಲ್ಲೇಶನ ಕಡೆ ತಿರುಗಿದ. ದನಿ ಒಡೆಯಿತು. "ತಮ್ಮಾ... ನಿನಗ ಸುಳ್ಳಾ ಅಂದೆ. ಮನಸ್ಸಿನ್ಯಾಗ ಇಟ್ಕೋಬ್ಯಾಡ. ಇಕೀನ ಕರಕೊಂಡ ಹೋಗು. ಮೊದಲ ಯಾವ ಮುಹೂರ್ತ ಸಿಗ್ತೈತಿ, ಅದಕ್ಕ!"

ಯಲ್ಲೇಶ ಬಾಗಿ ಅವನ ಕಾಲು ಮುಟ್ಟಿದ. ಅದಕ್ಕೂ ಅವನಿಗೆ ಬಹಳ ಹೊತ್ತು ಹಿಡಿಯಿತು. ಪೂನಮ್ ಅಳುತ್ತಲೇ ನಕ್ಕಳು. ಸಾವಕ್ಕ ನನ್ನ ಗಲ್ಲ ಹಿಡಿದು, ಬೆರಳು ಮುರಿದು ನೆಟಿಗೆ ತೆಗೆದಳು. ನನಗೂ ಕಣ್ಣು ಒದ್ದೆ ಆಯಿತು, ಧೂಳು ಬಿತ್ತು ಎಂದು ಸುಳ್ಳು ಹೇಳಿದೆ.

ಹುಸೇನಬಾಷಾ ಗಾಡಿಯಿಂದ ಪಾನಾ ತೆಗೆದುಕೊಂಡು ಮೆಲ್ಲಗೆ ಹತ್ತಿರ ಬಂದ. ನಾನು ಮುಷ್ಟಿ ಕಟ್ಟಿದೆ. ಅವನು ನನ್ನನ್ನು ದಾಟಿ ನೀಲಪ್ಪನ ಮುಂದೆ ಪಾನಾ ಸಮೇತ ಕೈ ಮುಗಿದು ನಿಂತ.

"ಕಾಕಾ... ಲೈಸನ್ಸ್ ಹೋಗಿ ವಾಪಸ್ ಬಂದ ಮ್ಯಾಲೆ... ನಮ್ಮ ಸ್ಟ್ಯಾಂಡಿಗೆ ಬರ್ತೀರೇನು? ಮೊದಲನೇ ಪಾಳಿ ನಿಮಗ!"

ನೀಲಪ್ಪ ಅವನ ಕೈಯಿಂದಲೇ ಪಾನಾ ಕಿತ್ತುಕೊಂಡು ಅಟ್ಟಿಸಿಕೊಂಡು ಹೋದ.

ಬರುವ ತಿಂಗಳು ಮದುವೆ. ಉಣಕಲ್‌ನಲ್ಲಿ, ಹುಡುಗನ ಮನೆಯ ಮುಂದೆಯೇ ಹಂದರ. ಕೆಲಗೇರಿಯಿಂದ ಬೀಗರ ಮಂದಿ ಬರುವುದು ನೀಲಪ್ಪನ ಲಾರಿಯಲ್ಲಿ. ನೀಲಪ್ಪ ಹೊಡೆಯುವಂತಿಲ್ಲ. ಬೇರೆಯವರ ಕೈಗೆ ಲಾರಿ ಕೊಡಲು ಅವನಿಗೆ ಮನಸ್ಸಿಲ್ಲ. ಹಾಗಾಗಿ ಲಾರಿ ಲೈಸನ್ಸೂ ಇರುವ ಮದುಮಗನೇ ಹೋಗಿ,  ತಾನೇ ಲಾರಿ ಹೊಡೆದು, ಹೆಣ್ಣಿನ ಕಡೆಯವರನ್ನು ಕರೆತರಬೇಕು ಎಂದು ತೀರ್ಮಾನವಾಗಿದೆ.

ಮುಹೂರ್ತ ಮುಂಜಾನೆ. ಬೀಗರಿಗೆ ನಾನು ಹಿಂದಿನ ದಿನವೇ ಹೊರಡಲು ಹೇಳಿದ್ದೇನೆ!